ಮುಂದುವರಿದ ಡಿಮೆನ್ಷಿಯಾ: ಉಪಶಾಮಕ ಮತ್ತು ಅಂತ್ಯಕಾಲದ ಆರೈಕೆ (ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು)

ನೆನಪು, ಮಾತು, ತಿಳಿವಳಿಕೆ, ತನ್ನ ಕೆಲಸ ತಾನು ಮಾಡಿಕೊಳ್ಳುವ ಶಕ್ತಿ ಒಂದೊಂದಾಗಿ ಕುಗ್ಗುತ್ತ ಹೋಗುವ ಮೆದುಳಿನ ಕಾಯಿಲೆಗಳ ಗುಂಪಿಗೆ ಡಿಮೆನ್ಷಿಯಾ ಎನ್ನುತ್ತಾರೆ. ಇವುಗಳಲ್ಲಿ ಆಲ್ಝೈಮರ್ ಕಾಯಿಲೆ ಮುಖ್ಯವಾದದ್ದು; ಪಾರ್ಶ್ವವಾಯು ಮತ್ತು ಮೆದುಳಿನ ರಕ್ತನಾಳಗಳ ತೊಂದರೆಯಿಂದ ಬರುವುದು ಇನ್ನೊಂದು ಬಗೆ. ಬಹುತೇಕ ಬಗೆಗಳಿಗೆ ಗುಣಪಡಿಸುವ ಮದ್ದಿಲ್ಲ. ಕೊನೆಯ ಹಂತ ತಲುಪಿದವರ ನೋವು, ಉಸಿರಾಟದ ತೊಂದರೆ, ಹುಣ್ಣು, ಕಳವಳಗಳನ್ನು ತಗ್ಗಿಸುವುದು, ಮನೆಯವರಿಗೆ ದಾರಿ ತೋರುವುದು, ಸಾವು ಹತ್ತಿರವಾದಾಗ ಸಂಕಟ ಹೆಚ್ಚಿಸದಂತೆ ನೋಡಿಕೊಳ್ಳುವುದು ಉಪಶಾಮಕ ಆರೈಕೆಯ ಕೆಲಸ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಈ ಕೆಲಸ ಹೆಚ್ಚುಕಡಿಮೆ ಪೂರ್ತಿಯಾಗಿ ಮನೆಯ ಹೆಣ್ಣುಮಕ್ಕಳ ಕೈಯಲ್ಲಿದೆ.

ಪ್ರದೇಶ ಮತ್ತು ಜನ

ಬಳ್ಳಾರಿಯಿಂದ ಬೇರ್ಪಟ್ಟು 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿದವು ಈ ಐದು. ಹರಪನಹಳ್ಳಿಯ ಆಡಳಿತ ಚರಿತ್ರೆ ಸ್ವಲ್ಪ ಅಲೆದಾಟದ್ದು: 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಸಂವಿಧಾನದ 371 (ಜೆ) ವಿಧಿಯ ವಿಶೇಷ ಸೌಲಭ್ಯಕ್ಕಾಗಿ ನಡೆದ ಹೋರಾಟದ ನಂತರ 2018ರಲ್ಲಿ ಬಳ್ಳಾರಿಗೆ ಮರಳಿ, ಅಲ್ಲಿಂದ ವಿಜಯನಗರಕ್ಕೆ ಸೇರಿತು. ಕಾಯಿಲೆ ಬಿದ್ದವರ ದಾರಿ ಮಾತ್ರ ಜಿಲ್ಲೆಯ ಗಡಿಯನ್ನು ಕೇಳುವುದಿಲ್ಲ. ಹರಪನಹಳ್ಳಿಯವರು ಇಂದಿಗೂ ದಾವಣಗೆರೆಯ ಆಸ್ಪತ್ರೆಗಳಿಗೇ ಹೋಗುತ್ತಾರೆ; ಕೂಡ್ಲಿಗಿಯವರು ಹೊಸಪೇಟೆ, ಬಳ್ಳಾರಿಗೆ; ಹಡಗಲಿಯವರಲ್ಲಿ ಹಲವರು ತುಂಗಭದ್ರೆ ದಾಟಿ ಗದಗ, ಹುಬ್ಬಳ್ಳಿಯ ಕಡೆಗೆ.

ಎರಡು ಸಂಗತಿಗಳು ಇಲ್ಲಿನ ಮುಪ್ಪನ್ನು ಬೇರೆ ಕಡೆಗಿಂತ ಕಷ್ಟದ್ದಾಗಿಸುತ್ತವೆ. ಮೊದಲನೆಯದು ಗುಳೆ. ಮಳೆಯನ್ನೇ ನಂಬಿದ ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ಹಳ್ಳಿಗಳಿಂದ, ಅದರಲ್ಲೂ ಲಂಬಾಣಿ ತಾಂಡಾಗಳಿಂದ, ದುಡಿಯುವ ವಯಸ್ಸಿನವರು ಮಲೆನಾಡಿನ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ತಿಂಗಳುಗಟ್ಟಲೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಹಾಸಿಗೆ ಹಿಡಿದ ಅಜ್ಜಿಯನ್ನು ಹನ್ನೆರಡು ವರ್ಷದ ಮೊಮ್ಮಗಳು ಮಗ್ಗುಲು ಬದಲಿಸಬೇಕಾದ ಸ್ಥಿತಿ ಬರುವುದು ಹೀಗೆ. ಎರಡನೆಯದು, 1982ರ ಕಾಯ್ದೆ ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಮೊದಲೇ ಮುತ್ತು ಕಟ್ಟಿಸಿಕೊಂಡಿದ್ದ ಹೆಣ್ಣುಮಕ್ಕಳ ಬದುಕು. ಅವರಿಗೆ ಈಗ ವಯಸ್ಸಾಗಿದೆ. ಗಂಡನಿಲ್ಲ, ಆಸ್ತಿಯಿಲ್ಲ, ಕೆಲವರಿಗೆ ಮಗಳು ಇದ್ದಾಳೆ, ಕೆಲವರಿಗೆ ಅವಳೂ ಇಲ್ಲ. ಕುಟುಂಬ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಯಾವ ಆರೈಕೆಯ ಲೆಕ್ಕವೂ ಇವರ ಹತ್ತಿರ ಬಂದಾಗ ತಪ್ಪುತ್ತದೆ.

ಎಷ್ಟು ಜನಕ್ಕೆ ಈ ಕಾಯಿಲೆ ಇದೆ? ದೇಶದ ಮಟ್ಟದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನದ ಪ್ರಕಾರ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ಪ್ರಮಾಣ ಹೆಚ್ಚು. ಈ ಮೂರೂ ಗುಣ ಈ ತಾಲ್ಲೂಕುಗಳ ಮುದುಕಿಯರಲ್ಲಿ ಒಟ್ಟಿಗೇ ಇವೆ.

ಸಾಯುವ ಕಾಯಿಲೆ ಎಂದು ಯಾರೂ ಹೇಳದ ಕಾಯಿಲೆ

‘ವಯಸ್ಸಾತು, ಅರಳುಮರಳು ಆಗೈತೆ’ ಎಂದು ಮನೆಯವರು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಕೊಟ್ಟೂರಿನ ಗುರುಬಸವೇಶ್ವರನಿಗೋ ಮೈಲಾರಲಿಂಗನಿಗೋ ಹರಕೆ ಹೊತ್ತಿರುತ್ತಾರೆ. ಹಾಗಂತ ಅವರನ್ನು ದೂರುವಂತಿಲ್ಲ. ಡಾಕ್ಟರ ಬಾಯಲ್ಲೂ ಹಲವು ಸಲ ಬರುವುದು ಅದೇ ಮಾತು. ಕಾಯಿಲೆ ಎಂದು ಹೆಸರಿಡದ ಕಾರಣ ಅದು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯಾರೂ ಹೇಳುವುದಿಲ್ಲ. ಕೊನೆಗೊಂದು ದಿನ ಜ್ವರ ಬಂದು ಉಸಿರು ಗೊರಗೊರ ಎಂದಾಗ ಇದ್ದಕ್ಕಿದ್ದಂತೆ ಬಂದ ಆಪತ್ತೆಂದು ಆಂಬುಲೆನ್ಸ್ ಕರೆಯುತ್ತಾರೆ. ವರ್ಷಗಳ ಉಪೇಕ್ಷೆ, ಕೊನೆಯ ವಾರದಲ್ಲಿ ಅತಿಯಾದ ಚಿಕಿತ್ಸೆ: ಎರಡೂ ಹುಟ್ಟುವುದು ಈ ಒಂದೇ ತಿಳಿವಳಿಕೆಯ ಕೊರತೆಯಿಂದ.

ಕೊನೆಯ ಹಂತವನ್ನು ಗುರುತಿಸಲು ಸ್ಕ್ಯಾನ್ ಬೇಕಿಲ್ಲ. ಮನೆಯವರ ಗುರುತು ಸಿಗದು. ದಿನಕ್ಕೆ ಐದಾರು ಮಾತಿಗಿಂತ ಹೆಚ್ಚು ಆಡರು. ಆಸರೆಯಿಲ್ಲದೆ ನಡೆಯಲಾರರು, ಬರಬರುತ್ತ ಕೂರಲೂ ಆರರು. ಮಲಮೂತ್ರದ ಹಿಡಿತ ಹೋಗಿರುತ್ತದೆ. ತುತ್ತು ಬಾಯಲ್ಲೇ ಉಳಿಯುತ್ತದೆ. ಅಮೆರಿಕದ ಬಾಸ್ಟನ್ ಸುತ್ತಲಿನ ನರ್ಸಿಂಗ್ ಹೋಮ್‌ಗಳಲ್ಲಿ ಇಂಥ 323 ಮಂದಿಯನ್ನು 18 ತಿಂಗಳು ಗಮನಿಸಿದ ಸೂಸನ್ ಮಿಚೆಲ್ ತಂಡದ ವರದಿ 2009ರಲ್ಲಿ ಬಂತು. ಆ ಅವಧಿಯಲ್ಲಿ ಶೇ 54.8 ಮಂದಿ ತೀರಿಕೊಂಡರು. ಶೇ 85.8 ಮಂದಿಗೆ ಉಣ್ಣುವ ತೊಂದರೆ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಜ್ವರ, ಶೇ 41.1 ಮಂದಿಗೆ ನ್ಯುಮೋನಿಯಾ ಬಂತು. ಹೆಚ್ಚಿನವರನ್ನು ಕೊಂದದ್ದು ಹೃದಯಾಘಾತ, ಕ್ಯಾನ್ಸರ್‌ನಂಥ ಬೇರೆ ಕಾಯಿಲೆಗಳಲ್ಲ, ಡಿಮೆನ್ಷಿಯಾವೇ. ಅದಕ್ಕಿಂತ ಮುಖ್ಯವಾದ ಇನ್ನೊಂದು ಅಂಶವೂ ಅಲ್ಲಿ ಕಂಡಿತು. ಕಾಯಿಲೆಯ ಗತಿ ಏನೆಂದು ಮನೆಯವರಿಗೆ ಗೊತ್ತಿದ್ದಲ್ಲಿ, ಕೊನೆಯ ಮೂರು ತಿಂಗಳಲ್ಲಿ ಆಸ್ಪತ್ರೆಗೆ ಸಾಗಿಸುವುದು, ನಳಿಕೆ ಹಾಕಿಸುವುದು ಮುಂತಾದ ಕಷ್ಟ ಕೊಡುವ ಚಿಕಿತ್ಸೆಗಳು ಬಹಳ ಕಡಿಮೆಯಾಗಿದ್ದವು. ಒಂದು ಮಾತು ಸರಿಯಾದ ಹೊತ್ತಿಗೆ ಹೇಳಿದ್ದರಿಂದ ಆದ ಲಾಭ ಇದು. ಅದಕ್ಕೆ ಖರ್ಚೇನೂ ಇಲ್ಲ.

ಒಂದು ಎಚ್ಚರಿಕೆ. ಎಲ್ಲ ಕುಸಿತವೂ ಕೊನೆಯಲ್ಲ. ನಿನ್ನೆವರೆಗೆ ಸುಮ್ಮನಿದ್ದವರು ಇವತ್ತು ಕೂಗಾಡುತ್ತಿದ್ದರೆ, ಇಲ್ಲವೇ ತೂಕಡಿಸುತ್ತಲೇ ಇದ್ದರೆ, ಮೂತ್ರದ ಸೋಂಕು, ಕಟ್ಟಿಕೊಂಡ ಮೂತ್ರ, ನಾಲ್ಕೈದು ದಿನದ ಮಲಬದ್ಧತೆ, ಹೊಸದಾಗಿ ಶುರುಮಾಡಿದ ಮಾತ್ರೆ ಇವುಗಳಲ್ಲಿ ಒಂದು ಕಾರಣವಿರಬಹುದು. ಇವಕ್ಕೆ ಚಿಕಿತ್ಸೆ ಇದೆ, ಮಾಡಿಸಬೇಕು.

ಊಟ

ಮನೆಯಲ್ಲಿ ಅತಿ ಹೆಚ್ಚು ಕಣ್ಣೀರು ತರಿಸುವ ಪ್ರಶ್ನೆ ಊಟದ್ದು. ‘ಅಜ್ಜಿ ಉಣ್ಣದು ಬಿಟ್ಟೈತೆ’ ಎಂದರೆ ಊರಿನವರಿಗೆ ಅರ್ಥವಾಗುವುದು ಎರಡು: ಒಂದೋ ಸಾವು ಹತ್ತಿರ ಬಂತು, ಇಲ್ಲ ಸೊಸೆ ಸರಿಯಾಗಿ ನೋಡಿಕೊಳ್ಳುತ್ತಿಲ್ಲ. ಎರಡನೆಯ ಮಾತಿಗೆ ಹೆದರಿ ಎಷ್ಟೋ ಮಂದಿ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದು ‘ಒಂದು ಬಾಟ್ಲಿ ಹಚ್ಚಿ ಸಾರ್’ ಎನ್ನುತ್ತಾರೆ. ಆ ಬಾಟ್ಲಿಯಲ್ಲಿರುವುದು ನೀರು, ಉಪ್ಪು, ಒಂದಿಷ್ಟು ಸಕ್ಕರೆ. ಬೇಧಿಯಿಂದ ನಿರ್ಜಲೀಕರಣವಾದವರಿಗೆ ಅದು ಜೀವ ಉಳಿಸುತ್ತದೆ. ಮೈಯೇ ಮುಗಿಯುತ್ತ ಬಂದವರಿಗೆ ಅದರಿಂದ ಶಕ್ತಿ ಬರುವುದಿಲ್ಲ. ಕಾಲು ಊದುತ್ತದೆ, ಎದೆಯಲ್ಲಿ ಕಫ ಹೆಚ್ಚುತ್ತದೆ.

ಮೂಗಿನ ನಳಿಕೆ ಅಥವಾ ಹೊಟ್ಟೆಗೆ ತೂತು ಮಾಡಿ ಹಾಕುವ ನಳಿಕೆಯಿಂದ ಮುಂದುವರಿದ ಡಿಮೆನ್ಷಿಯಾ ಇರುವವರ ಆಯುಷ್ಯ ಹೆಚ್ಚಿದ್ದಕ್ಕೆ ಪುರಾವೆ ಸಿಕ್ಕಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2009ರ ಕಾಕ್ರೇನ್ ವಿಮರ್ಶೆಯೂ 2021ರ ಅದರ ಪರಿಷ್ಕೃತ ರೂಪವೂ ಇದನ್ನೇ ಹೇಳಿವೆ. ನಳಿಕೆ ಕಿತ್ತುಹಾಕದಂತೆ ಕೈ ಕಟ್ಟಿಹಾಕುವುದು, ಹುಣ್ಣು ಹೆಚ್ಚುವುದು ಅದರ ಜೊತೆಗೇ ಬರುತ್ತವೆ. ಉಪಶಾಮಕ ಆರೈಕೆಯಲ್ಲಿ ತಜ್ಞರು ಒತ್ತಿಹೇಳುವುದು ಕೈಯಾರೆ, ನಿಧಾನವಾಗಿ ಉಣಿಸುವುದನ್ನು.

ಅದಕ್ಕೊಂದು ಕ್ರಮ ಇದೆ. ಮಲಗಿಸಿ ಉಣಿಸಬಾರದು. ಬೆನ್ನ ಹಿಂದೆ ದಿಂಬು ಅಥವಾ ಸುತ್ತಿದ ಕೌದಿ ಒತ್ತುಕೊಟ್ಟು ನೆಟ್ಟಗೆ ಕೂರಿಸಬೇಕು. ತಲೆ ಹಿಂದಕ್ಕೆ ವಾಲದೆ ಗದ್ದ ಕೊಂಚ ಕೆಳಗಿರಬೇಕು. ಉಣಿಸುವವರು ಎದುರಿಗೆ, ಅದೇ ಎತ್ತರದಲ್ಲಿ ಕೂರಬೇಕು. ಚಿಕ್ಕ ಚಮಚದ ಅರ್ಧ ತುತ್ತು. ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಇನ್ನೊಂದು. ನೀರಿನಂತೆ ತೆಳ್ಳಗಿರುವುದೇ ಶ್ವಾಸನಾಳಕ್ಕೆ ಬೇಗ ಇಳಿಯುವುದು ಎಂಬುದು ಹಲವರಿಗೆ ಗೊತ್ತಿಲ್ಲ. ಹಾಗಾಗಿ ಬರೀ ಮಜ್ಜಿಗೆ, ಚಹಾಕ್ಕಿಂತ ಮೆತ್ತಗೆ ಬೇಯಿಸಿ ಕಡೆದ ಜೋಳದ ನುಚ್ಚು, ಗಟ್ಟಿಯಾದ ರಾಗಿ ಅಂಬಲಿ, ಮೊಸರನ್ನ, ಕಿವುಚಿದ ಬಾಳೆಹಣ್ಣು ಸುರಕ್ಷಿತ. ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಡುವ ರೂಢಿ ಇದೆ. ಹಿಟ್ಟಿನಂತೆ ಒಂದೇ ಸಮ ಕರಗಿದ್ದರೆ ಸರಿ, ತೆಳ್ಳನೆ ಹಾಲಲ್ಲಿ ಚೂರುಗಳು ತೇಲುತ್ತಿದ್ದರೆ ಅದೇ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೆಮ್ಮು ಬಂದರೆ ನಿಲ್ಲಿಸಬೇಕು. ಉಂಡ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಬಾಯಲ್ಲಿ ಉಳಿದ ಅಗುಳನ್ನು ಒದ್ದೆ ಬಟ್ಟೆಯಿಂದ ತೆಗೆಯಬೇಕು. ಒಂದು ಹೊತ್ತಿನ ಊಟಕ್ಕೆ ಮುಕ್ಕಾಲು ಗಂಟೆ ಹಿಡಿದರೂ ಹಿಡಿಯಬಹುದು. ಹೊಲಕ್ಕೆ ಹೋಗಬೇಕಾದ ಹೆಂಗಸಿಗೆ ಆ ಮುಕ್ಕಾಲು ಗಂಟೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ವೈದ್ಯಕೀಯ ಪುಸ್ತಕಗಳಲ್ಲಿ ಉತ್ತರವಿಲ್ಲ. ಬಾಯಿ ಬಿಗಿಹಿಡಿದವರಿಗೆ ಒತ್ತಾಯ ಮಾಡಬಾರದು. ಅಂಥವರಿಗೆ ಹಸಿವಿನ ಸಂಕಟ ಇರುವುದು ಅಪರೂಪ.

ನೋವು

ನೋವಿದೆ ಎಂದು ಹೇಳಲು ಮಾತಿಲ್ಲ. ಅದಕ್ಕೆ ಮುಖ ನೋಡಬೇಕು. 2003ರಲ್ಲಿ ರೂಪಿಸಿದ ಪೈನಾಡ್ ಎಂಬ ಅಳತೆಯಲ್ಲಿ ಉಸಿರಾಟ, ನರಳಾಟ, ಮುಖಭಾವ, ಮೈಯ ಬಿಗಿತ, ಸಮಾಧಾನ ಮಾಡಿದಾಗ ಸುಮ್ಮನಾಗುತ್ತಾರೋ ಇಲ್ಲವೋ ಎಂಬ ಐದನ್ನು ನೋಡಿ ಹತ್ತಕ್ಕೆ ಅಂಕ ಕೊಡುತ್ತಾರೆ. ಆಶಾ ಕಾರ್ಯಕರ್ತೆಗೆ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದಾದಷ್ಟು ಸರಳ. ಸ್ನಾನ ಮಾಡಿಸುವಾಗ ಹೊಡೆಯಲು ಬರುವವರನ್ನು ‘ಸಿಟ್ಟು ಜಾಸ್ತಿ’ ಎಂದು ನಿದ್ದೆಯ ಮಾತ್ರೆ, ಮನೋರೋಗದ ಮಾತ್ರೆ ಕೊಟ್ಟು ಮಲಗಿಸುವುದು ಸಾಮಾನ್ಯ. ಮಂಡಿ, ಭುಜದ ಕೀಲು ಬಿಗಿದು ನೋಯುತ್ತಿರುವ ಸಾಧ್ಯತೆಯನ್ನು ಮೊದಲು ನೋಡಬೇಕು. ನಾರ್ವೆಯಲ್ಲಿ 352 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ಯಾರಾಸಿಟಮಾಲ್‌ನಿಂದ ಶುರುಮಾಡಿ ಹಂತಹಂತವಾಗಿ ನೋವಿಗೆ ಚಿಕಿತ್ಸೆ ಕೊಟ್ಟಾಗ ಎಂಟು ವಾರದಲ್ಲಿ ರೋಗಿಗಳ ರೇಗಾಟ ಗಮನಾರ್ಹವಾಗಿ ತಗ್ಗಿತು. ಮನೋರೋಗದ ಮಾತ್ರೆಗಳು ಈ ರೋಗಿಗಳಲ್ಲಿ ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಬಿಟ್ಟಿ ಸಿಗುತ್ತದೆ.

ಅದಕ್ಕೆ ಬಗ್ಗದ ನೋವಿಗೆ, ಕೊನೆಯ ದಿನಗಳ ಏದುಸಿರಿಗೆ ಬೇಕಾಗುವ ಮಾರ್ಫಿನ್ ವಿಷಯ ಬೇರೆ. 1985ರ ಮಾದಕವಸ್ತು ಕಾಯ್ದೆಯ ಭಯದಿಂದ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿ ಪರವಾನಗಿಯ ತೊಡಕನ್ನು ಸರಳಗೊಳಿಸಿತು. ಭಯ ಮಾತ್ರ ಕಾಯ್ದೆಯಷ್ಟು ಬೇಗ ತಿದ್ದುಪಡಿಯಾಗಲಿಲ್ಲ. ಅಗತ್ಯವಿರುವವರಲ್ಲಿ ಸುಮಾರು ಶೇ 14 ಮಂದಿಗೆ ಮಾತ್ರ ಉಪಶಾಮಕ ಆರೈಕೆ ಸಿಗುತ್ತಿದೆ ಎಂಬುದು ಇಡೀ ಜಗತ್ತಿಗೆ ಸಂಬಂಧಿಸಿದಂತೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹಾಸಿಗೆ ಹುಣ್ಣು

ಅಲೋಯಿಸ್ ಆಲ್ಝೈಮರ್ ತನ್ನ ಹೆಸರಿನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಆಗಸ್ಟೆ ಡೀಟರ್ ಎಂಬ ಹೆಂಗಸಿನಲ್ಲಿ. 1906ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಆಕೆ ತೀರಿಕೊಂಡದ್ದು ಹಾಸಿಗೆ ಹುಣ್ಣು ನಂಜಾಗಿ. ಆ ನಂತರ ಕಾಯಿಲೆಯ ಬಗ್ಗೆ ಸಾವಿರಾರು ಪ್ರಬಂಧಗಳು ಬಂದಿವೆ, ರೋಗಿಗಳು ಇನ್ನೂ ಹುಣ್ಣಿನಿಂದ ಸಾಯುತ್ತಿದ್ದಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒದ್ದೆಯಾದ ಕೂಡಲೇ ಒರೆಸಿ ಒಣಗಿಸುವುದು, ಟೊಂಕ, ಹಿಮ್ಮಡಿ, ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡುವುದು: ತಡೆಯುವ ಉಪಾಯ ಇಷ್ಟೇ. ಕರಿ ಕಂಬಳಿ ಒರಟು, ತೆಳುವಾದ ಚರ್ಮವನ್ನು ಉಜ್ಜುತ್ತದೆ. ಹಳೆಯ ಸೀರೆ, ಧೋತ್ರಗಳಿಂದ ಹೊಲಿದ ಕೌದಿ ಮೆತ್ತಗಿರುತ್ತದೆ, ಒಗೆದು ಬಿಸಿಲಿಗೆ ಹಾಕಲೂ ಬರುತ್ತದೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಮಡಿಚಿದ ಬಟ್ಟೆ ಇಡಬೇಕು. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದು ಅಪಾಯ, ಒಳಗಿನ ಮಾಂಸ ಇನ್ನಷ್ಟು ಘಾಸಿಯಾಗುತ್ತದೆ.

ಬಳ್ಳಾರಿ ಮಾದರಿ: ಇಲ್ಲಿ ಒಮ್ಮೆ ಆದದ್ದು

ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಮೆದುಳಿನ ಕಾಯಿಲೆಗೆ ಆರೈಕೆ ಕೊಡಲಾದೀತೇ ಎಂದು ಕೇಳುವವರು ಇದೇ ಜಿಲ್ಲೆಯ ಚರಿತ್ರೆಯನ್ನು ಓದಬೇಕು. 1975ರಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಯ ಮಾನಸಿಕ ಆರೋಗ್ಯದ ಪ್ರಯೋಗ ಆರಂಭಿಸಿದ ನಿಮ್ಹಾನ್ಸ್ (ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ), ಅದನ್ನು ಒಂದಿಡೀ ಜಿಲ್ಲೆಗೆ ಹಬ್ಬಿಸಲು ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೆಲ್ಲ ಬಳ್ಳಾರಿಯಲ್ಲೇ ಇದ್ದಾಗ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕಿರು ಅವಧಿಯ ತರಬೇತಿ ಕೊಟ್ಟು, ಆಯ್ದ ಕೆಲವೇ ಔಷಧಿಗಳನ್ನು ಸದಾ ಸಿಗುವಂತೆ ಮಾಡಿ, ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರನ್ನಿಟ್ಟು ಮೇಲ್ವಿಚಾರಣೆ ನಡೆಸಲಾಯಿತು. ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್, ಆರ್. ಶ್ರೀನಿವಾಸಮೂರ್ತಿ, ಆರ್.ಎಲ್. ಕಪೂರ್ ಸಕಲವಾರದಿಂದ ಬಳ್ಳಾರಿಯವರೆಗಿನ ಈ ಕೆಲಸದ ಹಿಂದಿದ್ದ ಮನೋವೈದ್ಯರು. ಚಂದ್ರಶೇಖರ್ ಕನ್ನಡದಲ್ಲಿ ಮನೋರೋಗಗಳ ಬಗ್ಗೆ ಬರೆದ ಪುಸ್ತಕಗಳು ಮನೆಮನೆಗೆ ಪರಿಚಿತ. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದ್ದು ಈ ಬಳ್ಳಾರಿ ಮಾದರಿಯ ಮೇಲೆಯೇ.

ಅಂದಿನ ಗಮನ ಮುಖ್ಯವಾಗಿ ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲಿತ್ತು, ಮುಪ್ಪಿನ ಡಿಮೆನ್ಷಿಯಾದ ಮೇಲಲ್ಲ. ಆದರೆ ಕಿರು ತರಬೇತಿ, ಚಿಕ್ಕ ಔಷಧಪಟ್ಟಿ, ಮನೆ ಭೇಟಿ, ಮೇಲಿನವರ ಬೆಂಬಲ ಎಂಬ ನಾಲ್ಕು ಅಂಗಗಳನ್ನೇ ಮುಂದೆ ಕೇರಳ ಉಪಶಾಮಕ ಆರೈಕೆಗೆ ತನ್ನದೇ ರೀತಿಯಲ್ಲಿ ಕಟ್ಟಿಕೊಂಡಿತು. ಕೋಯಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಸಂಘ, ಆಮೇಲೆ ಮಲಪ್ಪುರದ ನೆರೆಹೊರೆಯ ಸ್ವಯಂಸೇವಕರ ಜಾಲ, 2008ರಲ್ಲಿ ರಾಜ್ಯದ ನೀತಿ. ಕರ್ನಾಟಕದಲ್ಲಿ ಅಂಥ ಹರಹು ಬರಲಿಲ್ಲ. ಬೆಂಗಳೂರಿನ ಉಪಶಾಮಕ ಆರೈಕೆಯ ಕೇಂದ್ರ ಕರುಣಾಶ್ರಯ ಮುಖ್ಯವಾಗಿ ಕ್ಯಾನ್ಸರ್ ರೋಗಿಗಳದ್ದು. ಡಿಮೆನ್ಷಿಯಾಕ್ಕೆ ಮೀಸಲಾದ ನೈಟಿಂಗೇಲ್ಸ್ ಕೇಂದ್ರವೂ ಬೆಂಗಳೂರಿನದೇ. ಕೊಟ್ಟೂರಿನ ಹಾಸಿಗೆ ಹಿಡಿದ ಮುದುಕಿಗೆ ಎರಡೂ ದೂರ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಆರಂಭಿಸಿದ ಮೆದುಳಿನ ಆರೋಗ್ಯ ಕಾರ್ಯಕ್ರಮದಲ್ಲಿ ಪಾರ್ಶ್ವವಾಯು, ಮೂರ್ಛೆ, ತಲೆನೋವುಗಳ ಜೊತೆ ಡಿಮೆನ್ಷಿಯಾಕ್ಕೂ ಜಾಗ ಸಿಕ್ಕಿದೆ. ಅದು ಪತ್ತೆಯ ಕಡೆಗೆ ವಾಲಿದ ಕೆಲಸ. ಪತ್ತೆಯಾದವರು ಹಾಸಿಗೆ ಹಿಡಿದ ಮೇಲಿನ ಎರಡು ವರ್ಷ ಯಾರ ಪಾಲಿಗೆ ಎಂಬುದು ಇನ್ನೂ ಇತ್ಯರ್ಥವಾಗಬೇಕು. ಸದ್ಯಕ್ಕೆ ಫೋನಿನಲ್ಲಿ ಸಲಹೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ಹಿರಿಯರ ಸಹಾಯವಾಣಿಯ 14567 ಇವೆ.

ಆಸ್ಪತ್ರೆ, ಕಾನೂನು

108 ಆಂಬುಲೆನ್ಸ್ ಇರುವುದು ಮನೆಯಿಂದ ಆಸ್ಪತ್ರೆಗೆ. ಆಸ್ಪತ್ರೆಯಿಂದ ಮನೆಗೆ ಬರುವ ದಾರಿ ಬೇರೆಯದು: ದುಡ್ಡು ಮುಗಿದ ಮೇಲೆ, ‘ಇನ್ನೇನೂ ಮಾಡಕ್ಕಾಗಲ್ಲ, ಕರ್ಕೊಂಡು ಹೋಗಿ’ ಎಂಬ ಮಾತಿನ ಮೇಲೆ, ಸಹಿ ಮಾಡಿಸಿಕೊಂಡು, ಬಾಡಿಗೆ ಗಾಡಿಯಲ್ಲಿ. ಕೈಯಲ್ಲಿ ನೋವಿನ ಔಷಧಿ ಇರುವುದಿಲ್ಲ, ಮುಂದೆ ಏನಾಗುತ್ತದೆ ಎಂಬ ವಿವರಣೆಯೂ ಇರುವುದಿಲ್ಲ. ಚಿಕಿತ್ಸೆ ನಿಲ್ಲಿಸುವುದಕ್ಕೂ ಆರೈಕೆ ನಿಲ್ಲಿಸುವುದಕ್ಕೂ ಇರುವ ಅಂತರ ಅಲ್ಲಿ ಅಳಿಸಿಹೋಗುತ್ತದೆ.

ಕಾನೂನು ಈ ವಿಷಯದಲ್ಲಿ ಆಸ್ಪತ್ರೆಗಳಿಗಿಂತ ಮುಂದಿದೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ನರ್ಸ್ ಆಗಿ ಹೋಗಿದ್ದ ಅರುಣಾ ಶಾನಭಾಗ್ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಬಹುದೇ ಎಂಬ ಪ್ರಶ್ನೆಯನ್ನು ಮೊದಲ ಬಾರಿ ವಿವರವಾಗಿ ಎತ್ತಿಕೊಂಡಿತು. 2018ರ ಮಾರ್ಚ್ 9ರ ಕಾಮನ್ ಕಾಸ್ ತೀರ್ಪು ಘನತೆಯಿಂದ ಸಾಯುವ ಹಕ್ಕನ್ನು ಬದುಕುವ ಹಕ್ಕಿನ ಭಾಗವೆಂದು ಒಪ್ಪಿ, ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಲು ಅವಕಾಶ ಕೊಟ್ಟಿತು. 2023ರಲ್ಲಿ ಕ್ರಮ ಸರಳವಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದ್ದು 2025ರ ಜನವರಿ 30ರಂದು. ಈ ಹಕ್ಕಿಗಾಗಿ ವರ್ಷಗಟ್ಟಲೆ ಅರ್ಜಿ ಬರೆದ ಹೋರಾಟಗಾರ್ತಿ ಹರಪನಹಳ್ಳಿಗೆ ನೆರೆಯ ದಾವಣಗೆರೆಯವರೇ, ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ.

ಡಿಮೆನ್ಷಿಯಾದಲ್ಲಿ ಇರುವ ಕಗ್ಗಂಟು, ನಿರ್ದೇಶನ ಬರೆಯುವವರ ಬುದ್ಧಿ ಸ್ಥಿಮಿತದಲ್ಲಿರಬೇಕು ಎಂಬುದು. ಹಾಗಾಗಿ ಕಾಯಿಲೆ ಆರಂಭದಲ್ಲೇ ಪತ್ತೆಯಾದರೆ ಮಾತ್ರ ಅದು ಬಳಕೆಗೆ ಬರುತ್ತದೆ. ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿಸುವುದಕ್ಕೂ ಇದೇ ಮಾತು. ಬರೆದಿಡದವರ ವಿಷಯದಲ್ಲಿ, ವೆಂಟಿಲೇಟರ್‌ನಂಥ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಲು ಮನೆಯವರ ಒಪ್ಪಿಗೆಯ ಜೊತೆ ಎರಡು ವೈದ್ಯಕೀಯ ಮಂಡಳಿಗಳ ತೀರ್ಮಾನ ಬೇಕು. ಆಸ್ಪತ್ರೆಗೆ ಸಾಗಿಸದೆ ಮನೆಯಲ್ಲೇ ಆರೈಕೆ ಮುಂದುವರಿಸುವುದು ಆ ಮಂಡಳಿಗಳ ಮುಂದೆ ಹೋಗುವ ವಿಷಯವಲ್ಲ. ಬೇಕಂತಲೇ ಕೈಬಿಟ್ಟ ಮಕ್ಕಳ ಮೇಲೆ 2007ರ ಪಾಲಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ದೂರು ಕೊಡಬಹುದು. ಗುಳೆ ಹೋದ ಮಗನನ್ನು ಆ ಸಾಲಿಗೆ ಸೇರಿಸುವುದು ನ್ಯಾಯವಲ್ಲ.

ಕೊನೆಯ ದಿನಗಳು

ಕೈಕಾಲು ತಣ್ಣಗಾಗುವುದು, ಉಸಿರು ನಿಂತು ನಿಂತು ಬರುವುದು, ಗಂಟಲಲ್ಲಿ ಗೊರಗೊರ ಸದ್ದು, ಮೂತ್ರ ಕಡಿಮೆಯಾಗುವುದು. ಆ ಸದ್ದು ಕೇಳುವವರಿಗೆ ಕಷ್ಟ. ರೋಗಿಗೆ ಸಾಮಾನ್ಯವಾಗಿ ಅದರ ಅರಿವಿರುವುದಿಲ್ಲ. ಒಂದು ಮಗ್ಗುಲಿಗೆ ಹೊರಳಿಸಿದರೆ ಕಡಿಮೆಯಾಗುತ್ತದೆ. ಬಿಪಿ, ಕೊಲೆಸ್ಟರಾಲ್, ನೆನಪಿನ ಮಾತ್ರೆಗಳನ್ನು ಈ ಹೊತ್ತಿಗೆ ಡಾಕ್ಟರನ್ನು ಕೇಳಿ ನಿಲ್ಲಿಸಿರಬೇಕು.

ಸಾಯುವವರ ಬಾಯಿಗೆ ನೀರು ಬಿಡುವುದು ಇಲ್ಲಿ ಎಲ್ಲ ಜಾತಿಗಳಲ್ಲೂ ಇದೆ. ಲಿಂಗಾಯತರಲ್ಲಿ ಜಂಗಮರ ಪಾದೋದಕ, ಇತರ ಮನೆಗಳಲ್ಲಿ ತೀರ್ಥ ಅಥವಾ ಗಂಗಾಜಲ, ಮುಸ್ಲಿಮರಲ್ಲಿ ಜಮ್‌ಜಮ್ ನೀರು. ಅಡ್ಡಿಯಿಲ್ಲ, ಒದ್ದೆ ಹತ್ತಿಯಿಂದ ತುಟಿ, ನಾಲಗೆ ಸವರಿದರೆ ಆಚಾರವೂ ನಡೆಯುತ್ತದೆ, ಒಣಗಿದ ಬಾಯಿಗೆ ತಂಪೂ ಆಗುತ್ತದೆ. ಬಂದ ನೆಂಟರೆಲ್ಲ ಒಂದೊಂದು ಚಮಚ ಗಂಟಲಿಗೆ ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕೇಳುವ ಶಕ್ತಿ ಬಹಳ ಹೊತ್ತು ಉಳಿದಿರಬಹುದು. ಹಾಸಿಗೆಯ ಪಕ್ಕದಲ್ಲೇ ಸಮಾಧಿಯ ಜಾಗದ ಮಾತು ಎತ್ತುವ ಹಿರಿಯರನ್ನು ಪಡಸಾಲೆಗೆ ಕಳಿಸುವುದು ಮೇಲು.

ತೀರಿಕೊಂಡ ನಂತರ 21 ದಿನದೊಳಗೆ ಮರಣ ನೋಂದಣಿಯಾಗಬೇಕು. ಮನೆಯಲ್ಲಿ ಸತ್ತವರಿಗೆ ವೈದ್ಯರು ಕಾರಣ ಬರೆದುಕೊಡುವ ನಮೂನೆ ಇದ್ದರೂ ಹಳ್ಳಿಗಳಲ್ಲಿ ಅದನ್ನು ಕೇಳಿ ಬರೆಸುವವರು ಕಡಿಮೆ. ‘ವಯೋಸಹಜ’ ಎಂದು ಹೇಳಿ ಮುಗಿಸುತ್ತಾರೆ. ಬರೆಸಿದರೂ ನ್ಯುಮೋನಿಯಾ, ಹೃದಯಸ್ತಂಭನ ಎಂದಿರುತ್ತದೆ. ಹೀಗಾಗಿ ಹೊಸಪೇಟೆಯ ಜಿಲ್ಲಾ ಕಚೇರಿಗೆ ಹೋಗುವ ಲೆಕ್ಕದಲ್ಲಿ ಈ ಐದು ತಾಲ್ಲೂಕುಗಳ ಡಿಮೆನ್ಷಿಯಾ ಸಾವುಗಳು ಬೇರೆ ಹೆಸರುಗಳಡಿ ಸೇರಿಕೊಳ್ಳುತ್ತವೆ.